ಕೊಟ್ಟಿಗೆಯ ಮಾಡು: ಒಂದು ಮಗ್ಗುಲು ಮುಗಿಯಿತು

ನಮ್ಮ ದನದ ಕೊಟ್ಟಿಗೆಯ ಹಂಚಿನ ಮಾಡು ಬಿಚ್ಚಿ ರಿಪೇರಿ ಮಾಡುತ್ತಿದ್ದೇವೆ, ಮನೆ ಕಡೆಗಿನ ಇಳಿಜಾರು ಮುಗಿಯಿತು. ಕೊಟ್ಟಿಗೆಯ ಒಳಗೆ ನಿಂತು ನೋಡಿದರೆ ಆ ಮಗ್ಗುಲಲ್ಲಿ ಎಲ್ಲೂ ಬೆಳಕಿನ ಚುಕ್ಕೆ ಕಾಣುವುದಿಲ್ಲ. ತೋಟದ ಕಡೆಯದು ಬಾಕಿ ಇದೆ. ನಮ್ಮ ಸಾಗರದ ಕಡೆ ಜೂನ್ ಮೊದಲ ವಾರ ದಾಟಿದರೆ ಮಳೆ ಯಾವಾಗ ಬೇಕಾದರೂ ಹಿಡಿಯಬಹುದು. ಅಷ್ಟರೊಳಗೆ ಅದೂ ಆಗಬೇಕು.

ಶುರುವಿನಲ್ಲಿ ಬಂದವರೆಲ್ಲ ಹೇಳಿದ್ದು ಒಂದೇ ಮಾತು: 'ಹಂಚು ಇಳಿಸಿ ಶೀಟ್ ಹಾಕಿಬಿಡಿ, ಮಂಗನ ಕಾಟವಾದರೂ ತಪ್ಪುತ್ತದೆ.' ಮಂಗನ ಕಾಟ ಇರುವುದು ನಿಜ, ಒಡೆದ ಹಂಚಿನಲ್ಲಿ ಮುಕ್ಕಾಲು ಪಾಲು ಅವುಗಳದ್ದೇ. ಆದರೂ ದನ ಕಟ್ಟುವ ಜಾಗಕ್ಕೆ ತಗಡು ನನಗೆ ಒಪ್ಪಿಗೆಯಿಲ್ಲ. ಗಂಜಲದಿಂದ ಏಳುವ ಅಮೋನಿಯಾ ತಗಡಿನ ಸತುವಿನ ಲೇಪವನ್ನೇ ತಿನ್ನುತ್ತದೆ. ಏಪ್ರಿಲ್ ಬಿಸಿಲಲ್ಲಿ ಕೆಳಗಿರುವ ದನಗಳ ಪಾಡು ಕೇಳುವುದೇ ಬೇಡ. ಹಂಚಾದರೆ ಸಂದಿಯಲ್ಲಿ ಗಾಳಿ ಆಡುತ್ತದೆ, ತಗಡಿನ ಹಾಗೆ ಒಳಗೆ ಬೆವರಿ ಅಟ್ಟದ ಹುಲ್ಲಿನ ಮೇಲೆ ನೀರು ತೊಟ್ಟಿಕ್ಕುವುದಿಲ್ಲ. ಒಡೆದದ್ದನ್ನಷ್ಟೇ ಬದಲಿಸಿದರೆ ಸಾಕು, ಅಲ್ವಾ?

ಗೆಳೆಯರು ಮುಯ್ಯಾಳಾಗಿ ಬಂದಿದ್ದರು. ಮಳೆ ಮುಗಿದ ಮೇಲೆ ಅವರ ತೋಟದ ಕೆಲಸಕ್ಕೆ ನಾನು ಹೋಗುತ್ತೇನೆ. ನೆತ್ತಿಯಿಂದ ಶುರು ಮಾಡಿ ಕೈಯಿಂದ ಕೈಗೆ ದಾಟಿಸಿ ಹಂಚು ಇಳಿಸಿದೆವು. ಕೆಳಗೆ ಕೂತವರು ಪಾಚಿ ಕೆರೆದು, ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಗಟ್ಟಿ ಹಂಚು ಠಣ್ ಅನ್ನುತ್ತದೆ. ಬಿರುಕು ಬಿಟ್ಟದ್ದು ಕಣ್ಣಿಗೆ ಕಾಣದಿದ್ದರೂ ಬೊದ್ ಎಂದು ಹೇಳಿಬಿಡುತ್ತದೆ. ಕೆಲವು ಹಂಚಿನ ಬೆನ್ನ ಮೇಲೆ ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಹೆಸರು, 1865 ಎಂಬ ಇಸವಿ ಇತ್ತು. ಅದು ಮಂಗಳೂರಿನಲ್ಲಿ ಅವರ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಹಾಗಿದ್ದರೂ ಇವು ಅಜ್ಜನ ಕಾಲದವು, ಇವತ್ತಿಗೂ ಠಣ್ ಅನ್ನುತ್ತವೆ. ಕೈಯಲ್ಲಿ ಹಿಡಿದಾಗ ನನಗೆ ತುಂಬಾ ಸಂತೋಷವಾಯಿತು.

ಹಂಚು ತೆಗೆದ ಮೇಲೆ ಮರದ ಸ್ಥಿತಿ ಗೊತ್ತಾಯಿತು. ನೆತ್ತಿಯಿಂದ ಸೂರಿಗೆ ಇಳಿಯುವ ಮರಗಳು, ಅಂದರೆ ಪಕಾಸುಗಳು, ಮೇಲೆಲ್ಲ ಗಟ್ಟಿ, ಸೂರಿನ ತುದಿಯಲ್ಲಿ ಮಾತ್ರ ಕುಂಬು. ಬಡಗಿ ಆಚಾರ್ರು ಪೂರ್ತಿ ಪಕಾಸು ಬದಲಿಸಲು ಬಿಡಲಿಲ್ಲ. ಕೊಳೆತ ಭಾಗವನ್ನು ಓರೆಯಾಗಿ ಕುಯ್ದು, ಹಳೇ ಬೋಗಿ ಮರದ ತುಂಡನ್ನು ಅದೇ ಓರೆಗೆ ಕೂರಿಸಿ ಬೋಲ್ಟ್ ಹಾಕಿದರು. ಹಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪು ಮಾತ್ರ ಎಲ್ಲಾ ಹೊಸದು. ಮರಕ್ಕೆಲ್ಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದೆವು, ಒರಲೆ ಹತ್ತಬಾರದು ಅಂತ. ಬಳಿಯುವಾಗ ಕೈಗವಸು ಇರಲೇಬೇಕು, ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ.

ರೀಪಿನ ಅಂತರಕ್ಕೆ ಪುಸ್ತಕದ ಲೆಕ್ಕ ನಂಬಬೇಡಿ. ನಿಮ್ಮ ಹಂಚನ್ನೇ ನೆಲದ ಮೇಲೆ ಒಂದರ ಮೇಲೊಂದು ಕಚ್ಚಿಸಿ ಸಾಲಾಗಿ ಜೋಡಿಸಿ. ಒಮ್ಮೆ ಪೂರ್ತಿ ಎಳೆದು, ಒಮ್ಮೆ ಒತ್ತಿ ಅಳೆಯಿರಿ. ನಡುವಿನ ಅಳತೆಗೆ ಒಂದು ಕೋಲು ಕತ್ತರಿಸಿಕೊಂಡರೆ ಮೇಲೆ ಟೇಪು ಬೇಕಾಗುವುದಿಲ್ಲ. ಹೊದಿಸುವಾಗ ಸೂರಿನಿಂದ ನೆತ್ತಿಗೆ ಹೋಗಬೇಕು. ಕಾಲಿಡುವುದು ರೀಪಿನ ನೇರಕ್ಕೆ ಮಾತ್ರ.

ದೊಡ್ಡ ತಲೆನೋವು ಬೇರೆಬೇರೆ ಕಾರ್ಖಾನೆಯ ಹಂಚು. ನೋಡಲು ಒಂದೇ ಥರ, ಆದರೆ ಒಂದರ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಆ ಸಂದಿಯಲ್ಲೇ ಆಮೇಲೆ ನೀರು ಇಳಿಯುತ್ತದೆ. ಅದಕ್ಕೇ ಗುರುತು ನೋಡಿ ರಾಶಿ ಬೇರೆ ಮಾಡಿದೆವು. ಹಳೇ ಬಾಸೆಲ್ ಹಂಚೆಲ್ಲ ಮನೆ ಕಡೆಗೆ ಸರಿಹೋಯಿತು. ತೋಟದ ಕಡೆಗೆ ಹತ್ತಿರದಲ್ಲಿ ಕೆಡವಿದ ಮನೆಯೊಂದರ ಹಂಚು ಮಾತಾಡಿದ್ದೇನೆ. ನೂರು ಚದರಡಿಗೆ ಸುಮಾರು 150 ಬೇಕು, ಒಡೆಯುವುದಕ್ಕೆ ಸ್ವಲ್ಪ ಜಾಸ್ತಿಯೇ ಇರಲಿ.

ಹಾಲು ಕರೆಯುವ ಜಾಗದ ಮೇಲೆ ಎರಡು ಗಾಜಿನ ಹಂಚು ಹಾಕಬೇಕೆಂದಿದ್ದೇನೆ. ನೆತ್ತಿಯ ಹಂಚು, ಗಾರೆ ಎರಡೂ ಮಗ್ಗುಲು ಆದ ಮೇಲೆಯೇ. ಅಲ್ಲಿಯವರೆಗೆ ಮೇಲೆ ಟಾರ್ಪಾಲು ಕಟ್ಟಿದೆ. ಭಾನುವಾರ ಹಂಚಿನ ಲೋಡು ಬರುತ್ತದೆ, ತಟ್ಟಿ ನೋಡಲು ಕೈ ಎಷ್ಟಿದ್ದರೂ ಬೇಕು. ಬರುವವರು ಬನ್ನಿ, ಊಟ ನಮ್ಮಲ್ಲೇ.