ಇಪ್ಪತ್ತು ಗಜ ದೂರದ ಕರಡಿಗೆ ಯಾವ ಗುಂಡು?

ಅಲಾಸ್ಕಾದ ಕೋಡಿಯಾಕ್ ದ್ವೀಪದಲ್ಲಿ ಕರಡಿ ಬೇಟೆಯ ಪರವಾನಗಿ ಸಿಗುವುದು ಲಾಟರಿಯಲ್ಲಿ. ಚಳಿಗಾಲ ಶುರುವಾಗುವಾಗ ಅರ್ಜಿ ಹಾಕಬೇಕು, ಫೆಬ್ರವರಿಯಲ್ಲಿ ಹೆಸರು ಬರುತ್ತದೆ. ಬಹಳ ಜನಕ್ಕೆ ಬರುವುದೇ ಇಲ್ಲ. ಆಂಕರೇಜ್‌ನಲ್ಲಿ ನಮ್ಮ ಪಕ್ಕದ ಮನೆಯವರಿಗೆ ಆ ವರ್ಷ ಬಂತು. ಅರವತ್ತು ದಾಟಿದವರು, ಪೈಪ್‌ಲೈನ್ ಕೆಲಸ ಮಾಡಿ ನಿವೃತ್ತರಾದವರು. ನನ್ನ ಮಗಳು ಅವರನ್ನು ಅಜ್ಜ ಅಂತಲೇ ಕರೆಯುವುದು. ನಾನೂ ಇಲ್ಲಿ ಅಜ್ಜ ಅಂತಲೇ ಬರೆಯುತ್ತೇನೆ.

ಹೆಸರು ಬಂದ ಮೇಲೆ ಅಜ್ಜನ ತಲೆಯಲ್ಲಿ ಒಂದೇ ವಿಷಯ. ಬಂದೂಕು ಯಾವುದು ಅಂತಲ್ಲ, ಅದು ಮನೆಯಲ್ಲೇ ಇತ್ತು. ಅದರೊಳಗೆ ಹಾಕುವ ಬುಲೆಟ್ ಯಾವುದು ಅಂತ. "ಶನಿವಾರ ಖಾಲಿ ಇದ್ದೀಯಾ? ಪೇಪರ್ ಹೊರಲು ಒಬ್ಬ ಬೇಕು" ಅಂದರು. ಪೇಪರ್ ಯಾಕೆ ಅಂತ ಆಮೇಲೆ ಗೊತ್ತಾಯಿತು.

ನಾನು ಮಲೆನಾಡಿನವನು. ಕೋವಿ ನನಗೆ ಹೊಸದಲ್ಲ. ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಕೆ ಕೋವಿಯೊಂದು ದೊಡ್ಡಪ್ಪನ ಮನೆಯಲ್ಲಿ ಇವತ್ತಿಗೂ ಇದೆ. ಚುನಾವಣೆ ಬಂದಾಗೆಲ್ಲ ಅದನ್ನು ಠಾಣೆಯಲ್ಲಿ ಇಟ್ಟು ಬರಬೇಕು. ನಮ್ಮಲ್ಲಿ ತೋಟೆ (ಮದ್ದು, ಗುಂಡು ಎಲ್ಲ ಸೇರಿದ್ದು) ಅಂದರೆ ಎರಡೇ ಜಾತಿ, ಚರೆಯದ್ದು ಮತ್ತು ಗುಂಡಿನದ್ದು. ದೊಡ್ಡಪ್ಪ ಮಂಗ ಓಡಿಸಲು ಸುಮ್ನೆ ಆಕಾಶಕ್ಕೆ ಈಡು ಹೊಡೆಯುತ್ತಿದ್ದರು, ಅಷ್ಟೇ. ಬೇಟೆಯ ಕತೆಗಳೆಲ್ಲ 1972ರ ಕಾಯ್ದೆಗಿಂತ ಹಿಂದಿನವು. ಅಲಾಸ್ಕಾಕ್ಕೆ ಬಂದ ಮೇಲೂ ಎಚ್-1ಬಿ ವೀಸಾದಲ್ಲಿದ್ದಷ್ಟು ವರ್ಷ ನಾನು ಬಂದೂಕು ಮುಟ್ಟಲಿಲ್ಲ. ಆ ವೀಸಾದಲ್ಲಿ ಇರುವವರು ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಬಂದೂಕು ಇಟ್ಟುಕೊಂಡರೆ ಫೆಡರಲ್ ಅಪರಾಧ. ಇಲ್ಲಿಗೆ ಬರುವ ನಮ್ಮ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಗೆಳೆಯರ ಜೊತೆ ಫೋಟೋಗೆ ಅಂತ ಕೈಗೆ ತೆಗೆದುಕೊಂಡುಬಿಡುತ್ತಾರೆ.

ಆ ಶನಿವಾರ ಮೊದಲು ಹೋಗಿದ್ದು ಅಂಗಡಿಗೆ. ಕೌಂಟರಿನಲ್ಲಿದ್ದ ಹುಡುಗ ಬಹಳ ಉತ್ಸಾಹಿ. ಕೋಡಿಯಾಕ್ ಅಂದ ಕೂಡಲೇ ದೊಡ್ಡ ಮ್ಯಾಗ್ನಮ್ ಬಂದೂಕೊಂದನ್ನು, ಅಂದರೆ ಹೆಚ್ಚು ಮದ್ದಿನ ವೇಗದ ತೋಟೆಯದ್ದನ್ನು, ಇಳಿಸಿದ. ಜೊತೆಗೆ ಮೂತಿಗೆ ಬಣ್ಣದ ಪ್ಲಾಸ್ಟಿಕ್ ತುದಿ ಇದ್ದ ಚೂಪು ಬುಲೆಟ್‌ಗಳು. "ನಾನೂರು ಗಜದವರೆಗೂ ನೆಟ್ಟಗೆ ಹೋಗುತ್ತೆ ಸಾರ್" ಅನ್ನುವ ಧಾಟಿ. ಅಜ್ಜ ಕೇಳಿದ್ದು ಒಂದೇ ಮಾತು: "ಇಪ್ಪತ್ತು ಗಜದಲ್ಲಿ ಏನು ಮಾಡುತ್ತೆ?" ಹುಡುಗ ಸ್ವಲ್ಪ ತಡವರಿಸಿದ.

ಅಜ್ಜನ ಪ್ರಶ್ನೆಗೆ ಕಾರಣ ಇದೆ. ಕೋಡಿಯಾಕ್ ಬೆಟ್ಟಗಳ ಮೇಲ್ಭಾಗ ಬೋಳು, ಅಲ್ಲಿರುವ ಕರಡಿ ಮೈಲಿಗಟ್ಟಲೆ ದೂರದಿಂದ ದುರ್ಬೀನಿಗೆ ಕಾಣುತ್ತದೆ. ಕೆಳಗೆ ಆಲ್ಡರ್ ಪೊದೆ. ಹಿಮದ ಭಾರಕ್ಕೆ ಬಾಗಿ ನೆಲಕ್ಕೆ ಸಮನಾಗಿ ಬೆಳೆದ ಕೊಂಬೆಗಳು. ನಮ್ಮ ಕಡೆಯ ಲಂಟಾನ ಮಟ್ಟಿಯನ್ನು ಆಳೆತ್ತರ ಬೆಳೆಸಿದರೆ ಹೇಗೋ ಹಾಗೆ. ಒಳಗೆ ನುಗ್ಗಿದರೆ ಮುಂದೆ ಹತ್ತು ಮಾರು ಕಂಡರೆ ಹೆಚ್ಚು. ಗಾಯಗೊಂಡ ಕರಡಿ ಹೋಗಿ ಕೂರುವುದು ಅಲ್ಲೇ. ಅದನ್ನು ಅಲ್ಲೇ ಬಿಟ್ಟು ಬರುವ ಹಾಗಿಲ್ಲ, ಹುಡುಕಿಕೊಂಡು ಹೋಗಲೇಬೇಕು. ಕಂದು ಕರಡಿ ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಇಪ್ಪತ್ತು ಗಜ ದಾಟಲು ಅದಕ್ಕೆ ಒಂದು ಸೆಕೆಂಡಿನ ಮೇಲೆ ಚೂರು ಸಾಕು. ಕೋಡಿಯಾಕ್‌ನ ದೊಡ್ಡ ಗಂಡು 600 ಕಿಲೋ ಮೀರುವುದೂ ಉಂಟು. ಆ ಒಂದು ಸೆಕೆಂಡಿನಲ್ಲಿ ಸಿಗುವುದು ಒಂದೇ ಈಡು.

ಅಂಗಡಿಯಿಂದ ಹೊರಟು ಪಾಮರ್ ಅನ್ನುವ ಊರಿನ ಕಡೆಗೆ ಹೋದೆವು. ಅಲ್ಲಿ ಅಜ್ಜನ ತಮ್ಮನ ಜಾಗದಲ್ಲಿ ಹಳೆಯ ಜಲ್ಲಿ ಗುಂಡಿ ಇದೆ, ಹಿಂದೆ ಎತ್ತರದ ಮಣ್ಣಿನ ಗೋಡೆ. ಮಾರ್ಚ್ ತಿಂಗಳು, ಇನ್ನೂ ಹಿಮ. ಟ್ರಕ್ಕಿನ ಹಿಂದೆ ರಾತ್ರಿಯೆಲ್ಲ ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿದ ಹಳೇ ಪೇಪರ್ ಕಟ್ಟುಗಳು. ಒದ್ದೆ ಪೇಪರ್ ಎಷ್ಟು ತೂಕ ಅನ್ನುವುದು ಹೊತ್ತವನಿಗೇ ಗೊತ್ತು. ಪರೀಕ್ಷೆ ಅಂದರೆ ಇಷ್ಟೇ. ಕಟ್ಟುಗಳನ್ನು ಉದ್ದಕ್ಕೆ ಜೋಡಿಸುವುದು, ಇಪ್ಪತ್ತು ಗಜದಿಂದ ಹೊಡೆಯುವುದು, ಆಮೇಲೆ ಪೇಪರ್ ಬಿಡಿಸುತ್ತಾ ಬುಲೆಟ್ ಎಲ್ಲಿ ನಿಂತಿದೆ, ಯಾವ ಆಕಾರಕ್ಕೆ ಬಂದಿದೆ ಅಂತ ನೋಡುವುದು. ಮುಂದಿನ ಕಟ್ಟಿಗೆ ಒರಗಿಸಿ ಹಿಂದಿನ ವರ್ಷ ಹೊಡೆದ ಮೂಸ್‌ನ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ಭುಜದ ಮೂಳೆ ಇಟ್ಟರು. ಫ್ರೀಜರಿನಲ್ಲಿ ಇಂಥದ್ದಕ್ಕೆ ಅಂತಲೇ ಎತ್ತಿಟ್ಟಿದ್ದರಂತೆ. ಅವರ ಹೆಂಡತಿ ಅದರ ಬಗ್ಗೆ ಏನಂದರು ಅಂತ ನಾನು ಕೇಳಲಿಲ್ಲ.

ಅಜ್ಜನ ಬಂದೂಕು ಥರ್ಟಿ-ಆಟ್-ಸಿಕ್ಸ್. ಅದು ಹೊಡೆಯುವ ತೋಟೆಯದ್ದೇ ಹೆಸರು. ಅಮೆರಿಕದ ಸೈನ್ಯ 1906ರಲ್ಲಿ ಒಪ್ಪಿಕೊಂಡ ತೋಟೆ. ಅದಕ್ಕಿಂತ ಹಿಂದಿನ 1903ರ ತೋಟೆಯಲ್ಲಿ 220 ಗ್ರೇನ್‌ನ, ಅಂದರೆ ಸುಮಾರು 14 ಗ್ರಾಂನ ಉರುಟು ಮೂತಿಯ ಬುಲೆಟ್ ಇತ್ತು. ಭಾರ ಜಾಸ್ತಿ, ವೇಗ ಕಡಿಮೆ. ಸೈನ್ಯಕ್ಕೆ ದೂರ ಬೇಕಿತ್ತು. ಹಾಗಾಗಿ 1906ರಲ್ಲಿ ಅದನ್ನು ಬಿಟ್ಟು 150 ಗ್ರೇನ್‌ನ ಚೂಪು ಬುಲೆಟ್ ಹಾಕಿತು. ಸೈನ್ಯ ಬೇಡ ಅಂದ ಆ ಭಾರದ ಬುಲೆಟ್ಟನ್ನು ಕರಡಿ ನಾಡಿನವರು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಯಾಕೆ ಬಿಟ್ಟಿಲ್ಲ ಅಂತ ಮೊದಲ ಈಡಿನಲ್ಲೇ ಕಾಣಿಸಿತು. ಅಜ್ಜ ಮೊದಲು ಹೊಡೆದದ್ದು 150 ಗ್ರೇನ್‌ನ ಸಾಮಾನ್ಯ ಬುಲೆಟ್. ಒಳಗೆ ಸೀಸ, ಮೇಲೆ ತೆಳ್ಳನೆಯ ತಾಮ್ರದ ಕವಚ. ಜಿಂಕೆಗೆ ಚೆನ್ನಾಗಿ ಆಗುವಂಥದ್ದು. ನಳಿಕೆಯಿಂದ ಸೆಕೆಂಡಿಗೆ ಸುಮಾರು 880 ಮೀಟರ್ ವೇಗದಲ್ಲಿ ಹೊರಡುತ್ತದೆ. ಮೂಳೆಗೆ ಬಡಿದದ್ದೇ ತಡ, ಒಡೆದು ಚೂರಾಯಿತು. ಮೊದಲ ಕಟ್ಟಿನಲ್ಲಿ ದೊಡ್ಡ ಹೊಂಡ, ಎರಡನೆಯದರಲ್ಲಿ ಸೀಸದ ಚೂರು, ಹರಿದ ಕವಚ. ಅದರ ಹಿಂದೆ ಏನೂ ಇಲ್ಲ. ನೋಡಿದವರಿಗೆ ಆ ಹೊಂಡ ಭಯಂಕರವಾಗಿ ಕಾಣುತ್ತದೆ. ಆದರೆ ಕರಡಿಯ ಹೃದಯ, ಶ್ವಾಸಕೋಶ ಇರುವುದು ಅದರ ಹಿಂದೆ. ಒದ್ದೆ ಕೂದಲು, ಕೊಬ್ಬು, ದಪ್ಪ ಮಾಂಸ, ಭುಜದ ಮೂಳೆ ಇಷ್ಟನ್ನೂ ದಾಟಿದ ಮೇಲೆ.

ಇಲ್ಲೇ ಅಂಗಡಿ ಮಾತು ತಲೆಕೆಳಗಾಗುವುದು. ಹತ್ತಿರ ಅಂದರೆ ಸುಲಭ ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಗುರಿಗೆ ಸುಲಭ ಹೌದು. ಬುಲೆಟ್‌ಗೆ ಅದೇ ಅತಿ ಕಷ್ಟದ ಕೆಲಸ. ದೂರ ಹೋದಷ್ಟೂ ಅದರ ವೇಗ ಇಳಿಯುತ್ತದೆ, ಬಡಿದಾಗ ನಿಧಾನವಾಗಿ ಅರಳುತ್ತದೆ, ಅಂದರೆ ಮೂತಿ ಅಗಲವಾಗುತ್ತದೆ. ಇಪ್ಪತ್ತು ಗಜದಲ್ಲಿ ವೇಗ ಇಳಿದೇ ಇರುವುದಿಲ್ಲ, ಪೂರ್ತಿ ಏಟು ಅದರ ಮೈಮೇಲೇ ಬೀಳುತ್ತದೆ. ನಾನೂರು ಗಜದಲ್ಲೂ ಅರಳಲಿ ಅಂತ ಮೆದುವಾಗಿ ಮಾಡಿದ ಬುಲೆಟ್ ಇಪ್ಪತ್ತು ಗಜದಲ್ಲಿ ಪುಡಿಯಾಗುತ್ತದೆ. ಅದನ್ನೇ ಇನ್ನೂ ದೊಡ್ಡ ಮ್ಯಾಗ್ನಮ್‌ಗೆ ಹಾಕಿದರೆ ಇನ್ನೂ ಬೇಗ ಪುಡಿಯಾಗುತ್ತದೆ. ಹೆಚ್ಚು ದುಡ್ಡು ಕೊಟ್ಟು ಹೆಚ್ಚು ಅಪಾಯ ಕೊಂಡ ಹಾಗೆ.

ಈ ಪಾಠ ಹಳೆಯದು. 1946ರಲ್ಲಿ ಜಾನ್ ನಾಸ್ಲರ್ ಅನ್ನುವವರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದರು. ಮೈಗೆಲ್ಲ ಕೆಸರು ಮೆತ್ತಿದ್ದ ಮೂಸ್‌ಗೆ ಅವರ ವೇಗದ ಮ್ಯಾಗ್ನಮ್ ಬುಲೆಟ್‌ಗಳು ಮೇಲ್ಮೈಯಲ್ಲೇ ಒಡೆದುಹೋದವು. ಊರಿಗೆ ಬಂದು ಅವರು ಹೊಸ ಬುಲೆಟ್ ಮಾಡಿದರು, 1948ರಲ್ಲಿ ಕಂಪನಿ ಶುರುಮಾಡಿದರು. ಆ ಬುಲೆಟ್ಟೇ ಪಾರ್ಟಿಷನ್. ಒಳಗೆ ನಡುವೆ ತಾಮ್ರದ ಅಡ್ಡಗೋಡೆ. ಮುಂದಿನ ಸೀಸ ಅರಳಿ ಹರಿದು ಹೋದರೂ ಗೋಡೆಯ ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಮುಂದಕ್ಕೆ ನುಗ್ಗುತ್ತದೆ. ಆಮೇಲೆ ಇದೇ ಜಾಡಿನಲ್ಲಿ ಬೇರೆಯವೂ ಬಂದವು. ಸ್ವಿಫ್ಟ್ ಕಂಪನಿಯವರ ಎ-ಫ್ರೇಮ್ ಬುಲೆಟ್‌ನಲ್ಲಿ ಮುಂದಿನ ಸೀಸವನ್ನು ಕವಚಕ್ಕೆ ಬೆಸೆದಿರುತ್ತಾರೆ. ಬಾರ್ನ್ಸ್‌ನವರದ್ದು ಸೀಸವೇ ಇಲ್ಲದ ಪೂರ್ತಿ ತಾಮ್ರ. ಸೀಸ ಇಲ್ಲದ್ದರಿಂದ ಉದುರಿ ಹೋಗಲು ಏನೂ ಇಲ್ಲ.

ಅಜ್ಜ 220 ಗ್ರೇನ್ ಪಾರ್ಟಿಷನ್ ಹೊಡೆದರು. ಸೆಕೆಂಡಿಗೆ ಸುಮಾರು 730 ಮೀಟರ್, ಮೊದಲಿನದಕ್ಕಿಂತ ಸಾಕಷ್ಟು ನಿಧಾನ. ಮೂಳೆಯಲ್ಲಿ ತೂತು. ನಾನು ಕಟ್ಟು ಬಿಡಿಸುತ್ತಾ ಹೋದೆ, ಹೋದೆ, ಸಿಗಲೇ ಇಲ್ಲ. ಕೊನೆಯ ಕಟ್ಟಿನ ಹಿಂಬದಿಯಲ್ಲಿ ಪೇಪರ್ ಉಬ್ಬಿತ್ತು, ಅಲ್ಲಿತ್ತು. ಮೂತಿ ಅಣಬೆಯಾಗಿತ್ತು, ಬಾಲ ಹೊಸದರ ಹಾಗೇ ಇತ್ತು. ಆಮೇಲೆ 180 ಗ್ರೇನ್‌ನ ತಾಮ್ರದ ಬುಲೆಟ್ ಹೊಡೆದರು. ಅದು ಇನ್ನೂ ಆಳಕ್ಕೆ ಹೋಯಿತು, ಕಟ್ಟುಗಳನ್ನು ದಾಟಿ ಮಣ್ಣಿಗೆ. ಅಂದರೆ ಪೇಪರ್ ಲೆಕ್ಕದಲ್ಲಿ ಗೆದ್ದದ್ದು ಅದೇ. ಆದರೂ ಅಜ್ಜ ಆರಿಸಿದ್ದು ಪಾರ್ಟಿಷನ್. ಕಾರಣ ಕೇಳಿದರೆ ಐವತ್ತು ಗಜದಲ್ಲಿ ಕಾಗದದ ಗುರಿ ಇಟ್ಟು ತೋರಿಸಿದರು. ಅವರ ಬಂದೂಕಿನಲ್ಲಿ ಪಾರ್ಟಿಷನ್‌ನ ತೂತುಗಳು ಒಂದರ ಪಕ್ಕ ಒಂದು. ತಾಮ್ರದ್ದು ಸ್ವಲ್ಪ ಚೆದುರುತ್ತಿತ್ತು. "ಎರಡೂ ಒಳ್ಳೆಯವೇ. ಆದರೆ ಈ ಬಂದೂಕಿಗೆ ಇದು ಇಷ್ಟ" ಅಂದರು. ಬೇರೆ ಬಂದೂಕಾದರೆ ಉತ್ತರ ಬೇರೆ ಇರಬಹುದು.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಭಾರದ ಬುಲೆಟ್ ಹಗುರದ್ದಕ್ಕಿಂತ ಕೆಳಗೆ ಬೀಳುತ್ತದೆ. ಹಾಗಾಗಿ ಬಂದೂಕಿನ ಮೇಲಿನ ಗುರಿ ದುರ್ಬೀನನ್ನು ಹೊಸದಾಗಿ ಹೊಂದಿಸಬೇಕು. ಇನ್ನೊಂದು ವಿಷಯ ನನಗೆ ಅವತ್ತೇ ಗೊತ್ತಾಗಿದ್ದು. ದುರ್ಬೀನು ಇರುವುದು ನಳಿಕೆಗಿಂತ ಸುಮಾರು ನಾಲ್ಕು ಸೆಂಟಿಮೀಟರ್ ಮೇಲೆ. ತೀರಾ ಹತ್ತಿರದಲ್ಲಿ ಗುಂಡು ಗುರಿಗೆರೆಗಿಂತ ಅಷ್ಟೇ ಕೆಳಗೆ ಬಡಿಯುತ್ತದೆ. ಕರಡಿಯ ಭುಜಕ್ಕೆ ಇದು ಲೆಕ್ಕಕ್ಕಿಲ್ಲ, ಎದುರಿಗೆ ನುಗ್ಗಿ ಬರುವ ತಲೆಗೆ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ತೋಟೆಗಳನ್ನು ತುಂಬಿ, ಬೋಲ್ಟನ್ನು ಜೋರಾಗಿ, ಮೆಲ್ಲಗೆ, ಬಂದೂಕನ್ನು ಓರೆ ಹಿಡಿದು, ಎಲ್ಲಾ ಥರ ಎಳೆದು ನೋಡಿದರು. ಮೊಂಡು ಮೂತಿಯ ಉದ್ದದ ಬುಲೆಟ್ ಮ್ಯಾಗಜಿನ್‌ನಿಂದ, ಅಂದರೆ ತೋಟೆ ತುಂಬುವ ಗೂಡಿನಿಂದ, ನಳಿಕೆಗೆ ಹೋಗುವಾಗ ಸಿಕ್ಕಿಕೊಂಡರೆ, ಅದು ಎಷ್ಟು ಆಳ ಹೋಗುತ್ತೆ ಅನ್ನುವ ಮಾತೇ ವ್ಯರ್ಥ.

ಮಧ್ಯಾಹ್ನ ಟ್ರಕ್ಕಿನಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುವಾಗ ಕೇಳಿದೆ, "ದೊಡ್ಡದೇ ತಗೋಬಹುದಿತ್ತಲ್ಲ? ಇಲ್ಲಿನ ಗೈಡ್‌ಗಳೆಲ್ಲ ಮುನ್ನೂರ ಎಪ್ಪತ್ತೈದು ಇಟ್ಟುಕೊಳ್ಳುತ್ತಾರಂತೆ." ಅದು ತಪ್ಪಲ್ಲ. 375 ಅನ್ನುವ 1912ರ ಆ ಬ್ರಿಟಿಷ್ ತೋಟೆ 300 ಗ್ರೇನ್ ಬುಲೆಟ್ ಹೊಡೆಯುತ್ತದೆ, ಅಂದರೆ 19 ಗ್ರಾಂ ಮೀರಿದ ತೂಕ. ಅಮೆರಿಕದ ಅರಣ್ಯ ಸೇವೆ 1983ರಲ್ಲಿ ತನ್ನ ಕೆಲಸಗಾರರ ರಕ್ಷಣೆಗಾಗಿ ಹದಿನೈದು ಗಜದಿಂದ ಹೊಡೆದು ಪರೀಕ್ಷೆ ಮಾಡಿದಾಗ ಅದೂ ಅದಕ್ಕಿಂತ ದೊಡ್ಡ 458 ಅನ್ನುವ ತೋಟೆಯೂ ಮೇಲಿನ ಸಾಲಿನಲ್ಲಿದ್ದವು. ಅವರು ನೋಡಿದ್ದೂ ಇದನ್ನೇ: ಎಷ್ಟು ಆಳ ಹೋಯಿತು, ಎಷ್ಟು ಅರಳಿತು, ತೂಕ ಎಷ್ಟು ಉಳಿಯಿತು, ಏಟಿನ ಬಲ ಎಷ್ಟು. ಆದರೆ 375ರ ಒದೆತ ಅಜ್ಜನ ಬಂದೂಕಿನ ಸುಮಾರು ಎರಡು ಪಟ್ಟು. "ಗೈಡ್ ಅದನ್ನು ದಿನಾ ಹಿಡಿಯುತ್ತಾನೆ. ನನಗೆ ಆ ಒದೆತ ತಿಂದರೆ ಮುಂದಿನ ಸಲ ಕಣ್ಣು ಮುಚ್ಚಿಕೊಳ್ಳುತ್ತೆ" ಅಂದರು. ನನಗೂ ಅದೇ ಸರಿ ಅನ್ನಿಸಿತು. ಕಣ್ಣು ಮುಚ್ಚಿ ಹೊಡೆದ ದೊಡ್ಡ ಗುಂಡಿಗಿಂತ ಕಣ್ಣು ಬಿಟ್ಟು ಹೊಡೆದ ಮಧ್ಯಮ ಗುಂಡೇ ವಾಸಿ. ಹೊಸ ಮ್ಯಾಗ್ನಮ್ ಕೊಂಡು ಬೇಟೆಗೆ ಮೊದಲು ಒಂದೇ ಪೆಟ್ಟಿಗೆ ತೋಟೆ ಹೊಡೆದು ಹೋಗುವವರನ್ನು ನಾನು ಆಫೀಸಿನಲ್ಲೇ ನೋಡಿದ್ದೇನೆ.

ಆಗ ಅಜ್ಜ ಫಿಲ್ ಶೂಮೇಕರ್ ಕತೆ ಹೇಳಿದರು. ಅಲಾಸ್ಕಾದ ಹೆಸರಾಂತ ಗೈಡ್. ಬೇಟೆಯಲ್ಲಿ ಅವರ ಕೈಯಲ್ಲಿರುವುದು 458ರ ಬಂದೂಕು. 2016ರ ಬೇಸಿಗೆಯಲ್ಲಿ ಇಬ್ಬರನ್ನು ಮೀನು ಹಿಡಿಯಲು ಕರೆದುಕೊಂಡು ಹೋಗಿದ್ದಾಗ ಪೊದೆಯಿಂದ ಕಂದು ಕರಡಿ ನುಗ್ಗಿತು. ಆವತ್ತು ಇದ್ದದ್ದು 9 ಎಂಎಂ ಪಿಸ್ತೂಲು ಮಾತ್ರ. ಕರಡಿ ಅದರಲ್ಲೇ ಸತ್ತಿತು. ಎಲ್ಲರೂ ಪಿಸ್ತೂಲಿನ ಬಗ್ಗೆ ಬೆರಗಾಗುತ್ತಾರೆ. ಒಳಗಿದ್ದದ್ದು ಗಟ್ಟಿ ಮಿಶ್ರಲೋಹದಲ್ಲಿ ಎರಕ ಹೊಯ್ದ, ಚಪ್ಪಟೆ ಮೂತಿಯ, ಅರಳದೆ ಆಳಕ್ಕೆ ಇಳಿಯುವ ಬುಲೆಟ್ ಅನ್ನುವುದನ್ನು ಯಾರೂ ಗಮನಿಸುವುದಿಲ್ಲ. ಇದನ್ನು ಕೇಳಿ ಯಾರೂ 9 ಎಂಎಂ ಹಿಡಿದು ಕರಡಿ ಕಾಡಿಗೆ ಹೋಗಬಾರದು. ಚಾರಣಕ್ಕೆ ಹೋಗುವ ನಮ್ಮಂಥವರಿಗೆ ಬಂದೂಕೇ ಬೇಡ, ಖಾರದ ಸ್ಪ್ರೇ ಸಾಕು. ಕರಡಿ ಸಂಶೋಧಕ ಟಾಮ್ ಸ್ಮಿತ್ ಮತ್ತು ಜೊತೆಗಾರರು ಅಲಾಸ್ಕಾದ ಘಟನೆಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಕಂದು ಕರಡಿಗಳ ವಿಷಯದಲ್ಲಿ ಸ್ಪ್ರೇ ಶೇಕಡಾ 92ರಷ್ಟು ಸಲ ಕೆಲಸ ಮಾಡಿತ್ತು. ನಾನು ಇವತ್ತಿಗೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಅದನ್ನೇ.

ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಅಲ್ಲ ಮಾರಾಯ, ಕರಡಿ ಮಾಂಸ ತಿಂತಾರಾ?" ಅಂದರು. ಕಪ್ಪು ಕರಡಿಯದ್ದು ತಿನ್ನುತ್ತಾರೆ, ಮೀನು ತಿಂದು ಬೆಳೆದ ಕಂದು ಕರಡಿಯದ್ದು ಹೆಚ್ಚಿನವರು ತಿನ್ನುವುದಿಲ್ಲ ಅಂದೆ. "ಹಾಗಾದರೆ ಯಾಕೆ ಹೊಡೆಯೋದು?" ಕೋಡಿಯಾಕ್‌ನಲ್ಲಿ ಸುಮಾರು 3,500 ಕರಡಿಗಳಿವೆ, ವರ್ಷಕ್ಕೆ 180ರ ಆಸುಪಾಸು ಬೇಟೆಯಾಗುತ್ತವೆ, ಮರಿಗಳಿರುವ ತಾಯಿಯನ್ನು ಮುಟ್ಟುವ ಹಾಗಿಲ್ಲ, ಸಂಖ್ಯೆ ಇಳಿದಿಲ್ಲ ಅಂತೆಲ್ಲ ವಿವರಿಸಿದೆ. ದೊಡ್ಡಪ್ಪ ಹೂಂ ಅಂದರು, ಒಪ್ಪಿದ ಹೂಂ ಅಲ್ಲ. ನಾನೂ ಹೊಡೆಯಲಾರೆ, ನಿಜ ಹೇಳಬೇಕೆಂದರೆ. ಆದರೆ ಹೊಡೆಯುವವರು ಹೀಗೆ ಒಂದು ದಿನ ಒದ್ದೆ ಪೇಪರ್ ಜೊತೆ ಕಳೆಯಲಿ ಅನ್ನುವುದು ನನ್ನ ಅಭಿಪ್ರಾಯ. ಗಾಯವಾಗಿ ಪೊದೆ ಸೇರುವ ಕರಡಿಯ ನೋವೂ ಕಡಿಮೆ, ಹುಡುಕಿ ಹೋಗುವವರ ಅಪಾಯವೂ ಕಡಿಮೆ.

ಅಜ್ಜ ಮೇ ತಿಂಗಳಲ್ಲಿ ವಾಪಸ್ಸು ಬಂದರು. ಆಲ್ಡರ್ ಪೊದೆಯ ಅಂಚಿನಲ್ಲಿ, ನಲವತ್ತು ಗಜದ ಒಳಗೆ ಹಳೆಯ ಗಂಡೊಂದು ಸಿಕ್ಕಿತಂತೆ. ಮೊದಲ ಗುಂಡು ಈ ಕಡೆಯ ಭುಜ ಮುರಿದು ಆ ಕಡೆಯ ಚರ್ಮದ ಒಳಗೆ ನಿಂತಿತ್ತು. ಬಿದ್ದ ಮೇಲೂ ಇನ್ನೊಂದು ಹೊಡೆದರು. ಅಲ್ಲಿನ ಬೇಟೆಗಾರರ ಪದ್ಧತಿಯೇ ಅದು, ಅಲುಗಾಡುವಷ್ಟು ಹೊತ್ತು ಹೊಡೆಯುತ್ತಲೇ ಇರಬೇಕು. ಚರ್ಮ ಮತ್ತು ತಲೆಬುರುಡೆಯನ್ನು ದ್ವೀಪ ಬಿಡುವ ಮೊದಲೇ ಮೀನು ಮತ್ತು ಬೇಟೆ ಇಲಾಖೆಗೆ ತೋರಿಸಿ ಮುದ್ರೆ ಹಾಕಿಸಬೇಕು. ಅಲ್ಲಿ ಕರಡಿಯ ವಯಸ್ಸು ನೋಡಲು ಒಂದು ಸಣ್ಣ ಹಲ್ಲು ಕಿತ್ತುಕೊಳ್ಳುತ್ತಾರೆ. ಚರ್ಮದಡಿ ಸಿಕ್ಕ ಬುಲೆಟ್ಟನ್ನು ಅಜ್ಜ ಕೋವಿ ಮದ್ದು ತೂಗುವ ತಕ್ಕಡಿಯಲ್ಲಿ ತೂಗಿದರು. ಮೂರರಲ್ಲಿ ಎರಡು ಪಾಲು ತೂಕ ಉಳಿದಿತ್ತು. ಕೋಡಿಯಾಕ್‌ನಲ್ಲಿ ಒಂದು ಕರಡಿ ಹೊಡೆದವರಿಗೆ ನಾಲ್ಕು ವರ್ಷದ ಅವಧಿಗೆ ಅಷ್ಟೇ. ಉಳಿದ ತೋಟೆಗಳನ್ನು ಸೆಪ್ಟೆಂಬರಿನ ಮೂಸ್‌ಗೆ ಇಟ್ಟಿದ್ದಾರೆ. ಮೂಸ್‌ಗೆ ಇಷ್ಟು ಭಾರದ್ದು ಬೇಕಿಲ್ಲ. ಆದರೆ ದುರ್ಬೀನು ಮತ್ತೆ ತಿರುಗಿಸಿ ಹೊಂದಿಸಲು ಅವರಿಗೆ ಬೇಜಾರು.