ಹಳೇ ಕಾಂಕ್ರೀಟಿನ ಜಲ್ಲಿ ನೀರು ಕುಡಿಯುತ್ತೆ, ಗೊತ್ತಿದ್ದೂ ಯಾಮಾರಿದ್ವಿ

ಬೆಂಗಳೂರಲ್ಲಿ ಒಂದು ಅಪಾರ್ಟ್‌ಮೆಂಟ್ ಸೈಟಲ್ಲಿ ಕ್ವಾಲಿಟಿ ನೋಡ್ಕೊಳ್ತಿದ್ದಾಗಿನ ಕಥೆ. ಅಲ್ಲಿದ್ದ ಹಳೇ ಬಿಲ್ಡಿಂಗ್ ಒಡೆಸಿದ್ರು, ಡೆಬ್ರಿಸ್ ಗುಡ್ಡದ ಥರ ಬಿದ್ದಿತ್ತು, ಲಾರಿಗೆ ದುಡ್ಡು ಸುರಿಯೋ ಬದಲು ಕ್ರಶರ್ ತರಿಸಿ ಅಲ್ಲೇ ಒಡೆದು 20 ಎಂಎಂ ಜಲ್ಲಿ ಮಾಡ್ಕೊಳ್ಳೋಣ ಅಂತ ಮೇಲಿನೋರು ತೀರ್ಮಾನ ಮಾಡಿದ್ರು. ನನಗೂ ಖುಷಿನೇ ಆಯ್ತು.

ಕೋಡಲ್ಲಿ ಇದಕ್ಕೆ ಅಡ್ಡಿ ಇಲ್ಲ. ಐಎಸ್ 383 ಅಂದ್ರೆ ಕಾಂಕ್ರೀಟಿನ ಜಲ್ಲಿ-ಮರಳಿಗೆ ಇರೋ ಭಾರತೀಯ ಮಾನದಂಡ, ಅದರ 2016ರದ್ದು ತೆಗೆದು ನೋಡಿ, ಬರೀ ಕಾಂಕ್ರೀಟ್ ಒಡೆದು ಮಾಡಿದ ಜಲ್ಲಿನ ಕಂಬಿ ಕಟ್ಟಿದ ಕಾಂಕ್ರೀಟಿಗೆ 20% ತನಕ ಹಾಕಬಹುದು, ಅದೂ ಎಂ25 (28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಡೆಯೋ ಗ್ರೇಡ್) ದಾಟೋ ಹಾಗಿಲ್ಲ. ಕಂಬಿ ಇಲ್ದಿದ್ರೆ 25%, ಎಂ15ಗಿಂತ ಕೆಳಗಿನ ಲೀನ್ (ಸಿಮೆಂಟ್ ಕಮ್ಮಿ ಇರೋ) ಕಾಂಕ್ರೀಟಿಗೆ ಪೂರ್ತಿ 100%. ಇಟ್ಟಿಗೆ, ಟೈಲ್ಸ್ ಚೂರು ಸೇರಿದ್ರೆ ಲೀನ್ ಬಿಟ್ಟು ಬೇರೆಲ್ಲೂ ಇಲ್ಲ. ನಾವು ಎಂ25 ಫೂಟಿಂಗಿಗೆ (ಪಿಲ್ಲರ್ ಕೆಳಗಿನ ಪಾಯಕ್ಕೆ) 20% ಅಂತ ಮಿಕ್ಸ್ ಡಿಸೈನ್ ಮಾಡಿಸಿದ್ವಿ, ಲ್ಯಾಬ್ ಟ್ರಯಲಲ್ಲಿ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತೆ, ಅಂದ್ರೆ ಎಷ್ಟು ಸಲೀಸಾಗಿ ಇಳಿಯುತ್ತೆ ಅನ್ನೋ ಅಳತೆ) 120 ಎಂಎಂ, ಒತ್ತಿ ಶಕ್ತಿ ನೋಡೋ ಕ್ಯೂಬ್ ಎಲ್ಲಾ ಚೆನ್ನಾಗೇ ಬಂತು.

ಎಡವಿದ್ದು ಎಲ್ಲಿ ಅಂದ್ರೆ, ಲ್ಯಾಬ್ ಹುಡುಗ ಜಲ್ಲಿನ ರಾತ್ರಿಯೆಲ್ಲಾ ನೆನೆಸಿ ಬಟ್ಟೆಲಿ ಒರೆಸಿ ಹಾಕಿದ್ದ. ಕಾಂಕ್ರೀಟ್ ಕಲಸೋ ಪ್ಲಾಂಟಲ್ಲಿ ಅದೇ ಜಲ್ಲಿ ಮಾರ್ಚ್ ಬಿಸಿಲಲ್ಲಿ ಹುರಿದ ಕಡಲೆ ಥರ ಒಣಗಿ ಬಿದ್ದಿತ್ತು. ಹಳೇ ಜಲ್ಲಿಗೆ ಹಳೇ ಗಾರೆ ಅಂಟ್ಕೊಂಡೇ ಇರುತ್ತಲ್ಲ, ಅದು ಸ್ಪಂಜು. ನಮ್ಮ ಗ್ರಾನೈಟ್ ಜಲ್ಲಿ ಕುಡಿಯೋದು ತನ್ನ ತೂಕದ 0.5% ಆಸುಪಾಸು, ಇದು 5.5% ಕುಡೀತಿತ್ತು. ಲೆಕ್ಕ ಹಾಕಿ, ಒಂದು ಕ್ಯೂಬಿಕ್ ಮೀಟರಿಗೆ 1150 ಕೆಜಿ ಜಲ್ಲಿ, ಅದ್ರಲ್ಲಿ 20% ಅಂದ್ರೆ 230 ಕೆಜಿ, ಅದು ಹೆಚ್ಚಿಗೆ ಎಳೆಯೋ ನೀರು ಹನ್ನೊಂದು ಲೀಟರ್ ಮೇಲೆ. 6 ಕ್ಯೂಬಿಕ್ ಮೀಟರ್ ಟ್ರಾನ್ಸಿಟ್ ಮಿಕ್ಸರ್ ಲಾರಿಗೆ ಸುಮಾರು 70 ಲೀಟರ್!

ಪ್ಲಾಂಟಲ್ಲಿ 120 ಇದ್ದ ಸ್ಲಂಪ್ ನಲವತ್ತು ನಿಮಿಷ ಟ್ರಾಫಿಕ್ ದಾಟಿ ಬರೋ ಹೊತ್ತಿಗೆ 60. ಪಂಪಿನೋರು ಗಲಾಟೆ, ಮೇಸ್ತ್ರಿ "ಸಾರ್ ಇಳೀತಾನೇ ಇಲ್ಲ" ಅಂತ, ಡ್ರೈವರ್ ನೀರಿನ ಪೈಪ್ ಎತ್ಕೊಂಡ. ನಾನು ಅಲ್ಲೇ ನಿಂತಿದ್ದೆ, "ಸ್ವಲ್ಪ ಸಾಕು ಕಣಪ್ಪ" ಅಂದೆ. ಅದು ನನ್ನದೇ ತಪ್ಪು. ಜಲ್ಲಿ ಕುಡಿದಷ್ಟೇ ವಾಪಸ್ ಹಾಕಿದ್ರೆ ಬಹುಶಃ ನಡೆದುಹೋಗ್ತಿತ್ತು, ಆದ್ರೆ ಪೈಪಲ್ಲಿ ಎಷ್ಟು ಹೋಯ್ತು ಅಂತ ಯಾರು ಅಳೆದ್ರು?

28 ದಿನಕ್ಕೆ ಕ್ಯೂಬ್ 23, 24, 23, 25. ಒಂದೊಂದಾಗಿ 22ರ ಗಡಿ ದಾಟಿದೆ, ಆದ್ರೆ ಎಂ25ಗೆ ನಾಲ್ಕರ ಸರಾಸರಿ 28 ಬೇಕಿತ್ತು, ಎಲ್ಲಿಂದ ತರೋದು. ಕೋರ್ (ಗಟ್ಟಿಯಾದ ಕಾಂಕ್ರೀಟಿನಿಂದ ಕೊರೆದ ತುಂಡು) ತೆಗೆಸಿದ್ವಿ, ಸರಾಸರಿ 25ರ 85% ಇರಬೇಕು, ಯಾವುದೇ ಒಂದು ಕೋರ್ 75%ಗಿಂತ ಕಮ್ಮಿ ಇರಬಾರದು ಅನ್ನೋ ನಿಯಮದಲ್ಲಿ ಹೇಗೋ ಪಾಸಾಯ್ತು. ರಿಪೋರ್ಟ್ ಬರೋ ತನಕ ನನಗೆ ಊಟ ಸೇರಿದ್ರೆ ಕೇಳಿ.

ಆಮೇಲೆ ಹಿಂದಿನ ದಿನ ಸಂಜೆಯಿಂದಲೇ ರಾಶಿ ಮೇಲೆ ಸ್ಪ್ರಿಂಕ್ಲರ್ ಬಿಟ್ವಿ, ಬೆಳಗ್ಗೆ ಜಲ್ಲಿನ ಬಾಂಡ್ಲಿಲಿ ಹುರಿದು ತೇವ ಎಷ್ಟು ಅಂತ ನೋಡಿ ಬ್ಯಾಚಿನ ನೀರು ಸರಿಮಾಡ್ತಿದ್ವಿ. ಸೈಟಲ್ಲಿ ಸ್ಲಂಪ್ ಬಿದ್ರೆ ಅಡ್‌ಮಿಕ್ಸ್ಚರ್ (ನೀರು ಹೆಚ್ಚಿಸದೆ ಕಾಂಕ್ರೀಟ್ ಸಲೀಸು ಮಾಡೋ ರಾಸಾಯನಿಕ) ಅಳೆದು ಹಾಕೋದು, ಪೈಪ್ ಮುಟ್ಟಂಗಿಲ್ಲ. ಮುಂದಿನ ಫೂಟಿಂಗ್ ಕ್ಯೂಬೆಲ್ಲಾ 30 ದಾಟಿದ್ವು. ಇದನ್ನ ನೋಡಿ ಕಾಂಟ್ರಾಕ್ಟರ್ "ಹಂಗಾದ್ರೆ 50% ಹಾಕೋಣ ಸಾರ್" ಅಂತ ಬಂದ, ಕೋಡ್ ಪುಸ್ತಕ ಕೈಗೆ ಕೊಟ್ಟು ಕಳಿಸಿದೆ.

ಒಡೆಸೋವಾಗ ಗೋಡೆ ಬೇರೆ, ಪಿಲ್ಲರ್-ಸ್ಲ್ಯಾಬ್ ಬೇರೆ ಮಾಡಿಸ್ಲಿಲ್ಲ, ಅದೊಂದು ಸಂಕಟ ಇನ್ನೂ ಇದೆ. ಅರ್ಧ ರಾಶಿ ಇಟ್ಟಿಗೆ, ಟೈಲ್ಸ್, ಜಿಪ್ಸಂ ಸೀಲಿಂಗ್ ಎಲ್ಲಾ ಕಲಸುಮೇಲೋಗರ. ಜಿಪ್ಸಂ ಅಂದ್ರೆ ಸಲ್ಫೇಟ್, ಅದನ್ನ ಆರಿಸದೆ ಲೀನ್ ಕಾಂಕ್ರೀಟಿಗೂ ಹಾಕೋಕೆ ನನಗೆ ಮನಸ್ಸಿಲ್ಲ. ನಾನು ಆ ಸೈಟ್ ಬಿಡೋವಾಗ್ಲೂ ಆ ರಾಶಿ ಕಾಂಪೌಂಡ್ ಮೂಲೆಲಿ ಹಂಗೇ ಇತ್ತು, ಮೇಲೆ ಪಾರ್ಥೇನಿಯಂ ಬೆಳೆದಿತ್ತು.