ಬೆಟ್ಟದ ಹೊಳೆಗೆ ಗಾಳ ಹಾಕಲು ಹೊರಟವರಿಗೆ

ಬೆಂಗಳೂರಿನಲ್ಲಿ ನಾಲ್ಕು ಜನ ಸ್ನೇಹಿತರು ಸೇರಿ ಕೊಡಗಿನ ಕಡೆ ‘ಶಿಕಾರಿ, ಮೀನು, ಎರಡು ರಾತ್ರಿ’ ಅಂತ ಪ್ಲಾನ್ ಹಾಕಿದರೆ, ಶಿಕಾರಿಯನ್ನು ಮೊದಲೇ ಪಟ್ಟಿಯಿಂದ ಹೊಡೆದುಹಾಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಉರುಳು ಇಡುವುದು, ಅಟ್ಟುವುದು, ಹಾಗೆ ಮಾಡಲು ಯತ್ನಿಸುವುದು, ಎಲ್ಲವೂ ಬೇಟೆಯೇ. ಮೊಲ, ಕಾಡುಕೋಳಿ, ಕಾಡುಹಂದಿ ಯಾವುದಕ್ಕೂ ಪ್ರವಾಸಿಗೆ ರಿಯಾಯಿತಿ ಇಲ್ಲ. ಅಭಯಾರಣ್ಯದೊಳಗಿನ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಹೋದ ಗಾಡಿಯೂ ಜಪ್ತಿ. ‘ಅಲ್ಲಿ ಎಲ್ಲರ ಮನೆಯಲ್ಲೂ ಕೋವಿ ಇದೆಯಲ್ಲ’ ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯ ಲೈಸೆನ್ಸಿಗೆ ಸಂಬಂಧಿಸಿದ್ದು, ಪ್ರಾಣಿಗೆ ಗುಂಡು ಹೊಡೆಯುವುದಕ್ಕಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಆ ಕೋವಿಗಳು ಗುರಿ ಇಡುವುದು ತೆಂಗಿನಕಾಯಿಗೆ. ಆ ಸಮಯಕ್ಕೆ ಕರೆದರೆ ಹೋಗಿ ನೋಡಿ, ಚೆನ್ನಾಗಿರುತ್ತದೆ.

ಉಳಿಯುವುದು ಮೀನು, ಮುಖ್ಯವಾಗಿ ಕಾವೇರಿಯ ದೊಡ್ಡ ಮೀನು ಮಾಶೀರ್. ಅದಕ್ಕೂ ಎಲ್ಲೆಂದರಲ್ಲಿ ಗಾಳ ಹಾಕುವ ಹಾಗಿಲ್ಲ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಒಂದು ಕಾಲಕ್ಕೆ ಪರದೇಶದ ಗಾಳಗಾರರು ಹುಡುಕಿಕೊಂಡು ಬರುತ್ತಿದ್ದ ಜಾಗಗಳು. ಅವು ಕಾವೇರಿ ವನ್ಯಜೀವಿ ಧಾಮದ ಹೊಳೆಭಾಗ, ಅಲ್ಲಿ ಈಗ ಗಾಳ ಬಂದ್. ಯೂಟ್ಯೂಬಿನಲ್ಲಿ ಇನ್ನೂ ಓಡಾಡುತ್ತಿರುವ ಹಳೇ ವಿಡಿಯೋ ನೋಡಿ ಹೊರಡಬೇಡಿ. ಶೃಂಗೇರಿ, ಶಿಶಿಲ, ರಾಮನಾಥಪುರದಂಥ ಮತ್ಸ್ಯತೀರ್ಥಗಳ ಹತ್ತಿರ ರಾಡ್ (ಗಾಳದ ಕೋಲು) ತೆಗೆಯುವ ಯೋಚನೆಯೇ ಬೇಡ. ಶಿಶಿಲದಲ್ಲಿ 1996ರಲ್ಲಿ ವಿಷ ಹಾಕಿ ಮೀನು ಕೊಂದದ್ದನ್ನು ಆ ಊರಿನವರು ಮರೆತಿಲ್ಲ. ಸಿದ್ದಾಪುರದಿಂದ ಕುಶಾಲನಗರದ ಕಡೆಗೆ ಹರಿಯುವ ಕಾವೇರಿಯಲ್ಲಿ, ವಾಲ್ನೂರಿನ ಆಸುಪಾಸು, ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಪರವಾನಗಿ ಕೊಟ್ಟು ‘ಹಿಡಿದು ಬಿಡುವ’ ಪದ್ಧತಿ ನಡೆಸಿಕೊಂಡು ಬಂದಿದೆ. ಆ ವರ್ಷದ ನಿಯಮ, ದರ, ತಿಂಗಳು ಇವನ್ನು ಮೊದಲೇ ಫೋನ್ ಮಾಡಿ ಕೇಳಿ, ಚೀಟಿ ಕೈಗೆ ಬಂದ ಮೇಲೆ ಹೋಂಸ್ಟೇ ಬುಕ್ ಮಾಡಿ. ಉಲ್ಟಾ ಮಾಡುವವರೇ ಜಾಸ್ತಿ. ಎಸ್ಟೇಟಿನ ಕೆರೆಯಾದರೆ ಮಾಲೀಕರ ಒಪ್ಪಿಗೆ ಸಾಕು, ಆದರೆ ಆ ಒಪ್ಪಿಗೆ ಎಸ್ಟೇಟಿನ ಪಕ್ಕದ ಹೊಳೆಗೆ ಅನ್ವಯಿಸುವುದಿಲ್ಲ.

ಕಾಲ ಅಂದರೆ ಡಿಸೆಂಬರಿನಿಂದ ಏಪ್ರಿಲ್ ಮೊದಲ ಭಾಗದವರೆಗೆ. ಮಳೆಗಾಲದಲ್ಲಿ ಮಾಶೀರ್ ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಹತ್ತುತ್ತದೆ, ಆಗ ಅದನ್ನು ಕೆಣಕಬಾರದು. ಕೆಂಪು ನೀರಿನಲ್ಲಿ ಗಾಳ ಹಾಕಿಯೂ ಪ್ರಯೋಜನವಿಲ್ಲ. ಬೇಸಿಗೆಯ ಕೊನೆಯಲ್ಲಿ ಹೊಳೆ ಸಣ್ಣಗಾಗಿ ನೀರು ಬಿಸಿಯಾಗುತ್ತದೆ, ಆಮ್ಲಜನಕ ಇಳಿಯುತ್ತದೆ. ಆಗ ಎಳೆದಾಡಿ ಸುಸ್ತಾದ ಮೀನನ್ನು ಬಿಟ್ಟರೂ ಅದು ಬದುಕುವುದು ಕಷ್ಟ.

ಗುಂಪು ನಾಲ್ಕು ಜನಕ್ಕಿಂತ ದೊಡ್ಡದಾಗದಿರಲಿ. ಒಂದು ಮಡುವಿಗೆ ಎರಡು ರಾಡ್ ಸಾಕು, ಉಳಿದಿಬ್ಬರು ಬಲೆ, ಕ್ಯಾಮೆರಾ, ನೀರಿನ ಮಟ್ಟ ನೋಡಿಕೊಳ್ಳಲಿ. ಬೈಕಿನಲ್ಲಿ ಹೊರಡುವವರು ಗಮನಿಸಿ: ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ರಾಡನ್ನು ಬಟ್ಟೆ ಚೀಲದಲ್ಲಿ ಒಯ್ದರೆ ತುದಿ ಮುರಿದೇ ಮುರಿಯುತ್ತದೆ. ಎಸ್.ಪಿ. ರಸ್ತೆಯಲ್ಲೋ ಮನೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲೋ ಎರಡೂವರೆ ಇಂಚಿನ ಪಿವಿಸಿ ಪೈಪು, ಎರಡು ಮುಚ್ಚಳ ತಂದುಕೊಂಡರೆ ಮೂರು ರಾಡಿಗೆ ಸಾಕಾಗುವ ಪೆಟ್ಟಿಗೆ ಆಯಿತು.

ಇನ್ನು ಸಾಮಾನು. ಬೆಟ್ಟದ ಹೊಳೆಯ ತಳವೆಲ್ಲ ಬಂಡೆ. ಇಲ್ಲಿ ಏನೋ ಒಂದು ತುಂಡಾಗುವುದು ಖಂಡಿತ. ಯಾವುದು ತುಂಡಾಗಬೇಕು ಅನ್ನುವುದನ್ನು ದಂಡೆಗೆ ಬರುವ ಮೊದಲೇ ನೀವೇ ತೀರ್ಮಾನ ಮಾಡಿರಬೇಕು, ಇಲ್ಲದಿದ್ದರೆ ಅದನ್ನು ಹೊಳೆ ತೀರ್ಮಾನಿಸುತ್ತದೆ. ದುಬಾರಿ ರೀಲಿಗಿಂತ ಇದು ಮುಖ್ಯ ಅನ್ನುವುದು ನನ್ನ ಅಭಿಪ್ರಾಯ.

ರಾಡ್ 9 ಅಡಿ, ಮೀಡಿಯಂ-ಹೆವಿ. ಸ್ಪಿನ್ನಿಂಗ್ ರೀಲ್ 4000 ಅಥವಾ 5000 ಸೈಜು. ದಾರ 30 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ ದಾರ), ಕನಿಷ್ಠ 200 ಮೀಟರ್, ಯಾಕೆಂದರೆ ದೊಡ್ಡ ಮೀನು ಹರಿವಿನ ಜೊತೆ ಒಂದೇ ಓಟಕ್ಕೆ ನೂರು ಮೀಟರ್ ಎಳೆದುಕೊಂಡು ಹೋಗಬಹುದು. ಸ್ಪೂಲಿಗೆ (ರೀಲಿನಲ್ಲಿ ದಾರ ಸುತ್ತುವ ಉರುಳೆ) ನೇರ ಬ್ರೇಡ್ ಸುತ್ತಬೇಡಿ. ಮೊದಲು ಹತ್ತು ಮೀಟರ್ ಮೋನೋ (ಒಂಟಿ ಎಳೆಯ ನೈಲಾನ್) ದಾರ ಸುತ್ತಿ ಅದಕ್ಕೆ ಬ್ರೇಡ್ ಕಟ್ಟಿ. ಹಾಗೆ ಮಾಡದಿದ್ದರೆ ಬ್ರೇಡಿನ ಇಡೀ ಸುರುಳಿ ಸ್ಪೂಲಿನ ಮೇಲೆ ಜಾರುತ್ತದೆ, ಡ್ರ್ಯಾಗ್ (ಮೀನು ಎಳೆದಾಗ ದಾರ ಹಿಡಿದು ಬಿಡುವ ರೀಲಿನ ಬ್ರೇಕು) ಎಷ್ಟು ಬಿಗಿ ಮಾಡಿದರೂ ಹಿಡಿಯುವುದಿಲ್ಲ, ರೀಲ್ ಕೆಟ್ಟಿತು ಅಂತ ಜನ ರಿಪೇರಿಗೆ ಕೊಡುತ್ತಾರೆ.

ಬ್ರೇಡಿನ ತುದಿಗೆ ನಾಲ್ಕೈದು ಅಡಿ 40 ಪೌಂಡಿನ ಮೋನೋ ಲೀಡರ್, ಅಂದರೆ ಗಾಳದ ಕಡೆಯ ತುದಿದಾರ. ಬ್ರೇಡ್ ಎಳೆತಕ್ಕೆ ಗಟ್ಟಿ, ಆದರೆ ಬಿಗಿಯಾಗಿ ನಿಂತಾಗ ಬಂಡೆಯ ಅಂಚು ತಾಗಿದರೆ ಕ್ಷಣದಲ್ಲಿ ಹರಿಯುತ್ತದೆ. ದಪ್ಪ ಮೋನೋ ಉಜ್ಜಾಟ ತಡೆದುಕೊಳ್ಳುತ್ತದೆ. ಎರಡನ್ನೂ ಸೇರಿಸಲು ಡಬಲ್ ಯೂನಿ ಗಂಟು: ಬ್ರೇಡ್ ಕಡೆ ಎಂಟು ಸುತ್ತು, ಮೋನೋ ಕಡೆ ನಾಲ್ಕು. ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ. ಒಣಗಂಟನ್ನು ಜಗ್ಗಿದರೆ ಉಜ್ಜಿದ ಬಿಸಿಗೆ ಮೋನೋ ಸುಕ್ಕಾಗುತ್ತದೆ, ಆಮೇಲೆ ಅದೇ ಜಾಗದಲ್ಲಿ ಕಡಿಯುತ್ತದೆ. ಮೀನು ತಪ್ಪಿದಾಗ ದಾರದ ತುದಿ ನೋಡಿ. ಹಂದಿಬಾಲದ ಹಾಗೆ ಸುರುಳಿಯಾಗಿದ್ದರೆ ಗಂಟು ಜಾರಿದೆ. ತುದಿ ಒರಟಾಗಿ ನೂಲು ಬಿಟ್ಟಿದ್ದರೆ ಬಂಡೆ ಕೊಯ್ದಿದೆ.

ಡ್ರ್ಯಾಗನ್ನು ಕೈಯಂದಾಜಿನಲ್ಲಿ ಬಿಗಿಯುವವರೇ ಹೆಚ್ಚು. ಅಂಗಡಿಯ ಸ್ಪ್ರಿಂಗ್ ತಕ್ಕಡಿಗೆ ದಾರ ಸಿಕ್ಕಿಸಿ, ಒಬ್ಬರು ಅದನ್ನು ಹಿಡಿದುಕೊಂಡು, ಇನ್ನೊಬ್ಬರು ರಾಡ್ ಎತ್ತಿ ಎಳೆಯಲಿ. 30 ಪೌಂಡ್ ಅಂದರೆ 13 ಕೆಜಿ ಚಿಲ್ಲರೆ. ಅದರ ಕಾಲುಭಾಗದಿಂದ ಮೂರನೇ ಒಂದರ ನಡುವೆ, ಅಂದರೆ ಮೂರೂವರೆಯಿಂದ ನಾಲ್ಕೂವರೆ ಕೆಜಿ ತೋರಿಸಿದಾಗ ಸ್ಪೂಲ್ ತಿರುಗಲು ಶುರುವಾಗಬೇಕು. ಅದಕ್ಕಿಂತ ಬಿಗಿಯಾದರೆ ಮೊದಲ ಓಟಕ್ಕೇ ಗಂಟು ಹೋಗುತ್ತದೆ. ತೀರಾ ಸಡಿಲವಾದರೆ ಮೀನು ಅರ್ಧ ಗಂಟೆ ಗುದ್ದಾಡಿ, ಬಿಡುವ ಹೊತ್ತಿಗೆ ಅರೆಜೀವವಾಗಿರುತ್ತದೆ.

ಮಾಶೀರಿನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿ, ಬಸವನಹುಳುವಿನ ಚಿಪ್ಪು ಪುಡಿ ಮಾಡುವ ಹಲ್ಲು ಅವು, ತೆಳು ತಂತಿಯ ಗಾಳವನ್ನು ಸುಲಭವಾಗಿ ಬಗ್ಗಿಸಿಬಿಡುತ್ತವೆ. ಆದ್ದರಿಂದ ದಪ್ಪ ತಂತಿಯ ಒಂಟಿ ಗಾಳ, ಸಾಮಾನ್ಯ ಗಾತ್ರದ ಮೀನಿಗೆ 2/0 ಸೈಜು, ದೊಡ್ಡದರ ಆಸೆ ಇದ್ದರೆ 4/0. ಹಿಮ್ಮುಳ್ಳನ್ನು ಪ್ಲೈಯರಿನಿಂದ ಒತ್ತಿ ಮಲಗಿಸಿ. ಹಾಗೆ ಮಾಡಿದರೆ ಮೀನು ತಪ್ಪುತ್ತದೆ ಅನ್ನುವ ಭಯ ದಾರ ಸಡಿಲ ಬಿಡುವವರದ್ದು. ಲ್ಯೂರ್ (ನಕಲಿ ಎರೆ) ಹಾಕುವವರು ಮೂರು ಕೊಕ್ಕೆಯ ಗಾಳ ತೆಗೆದು ಒಂಟಿ ಹಾಕಿಕೊಳ್ಳಿ, ಜೊತೆಯಲ್ಲಿ ಗಾಳವನ್ನು ಲ್ಯೂರಿಗೆ ಸೇರಿಸುವ ಉಂಗುರವನ್ನೂ ಗಟ್ಟಿಯದ್ದಕ್ಕೆ ಬದಲಾಯಿಸಿ.

ತೂಕವನ್ನು ಮುಖ್ಯ ದಾರಕ್ಕೆ ನೇರವಾಗಿ ಕಟ್ಟಲೇಬಾರದು. ಹತ್ತು ಪೌಂಡಿನ ಸಣ್ಣ ದಾರದ ತುಂಡಿನಲ್ಲಿ ಇಳಿಬಿಡಿ. ತೂಕ ಬಂಡೆ ಸಂದಿಗೆ ಸಿಕ್ಕಿಕೊಂಡರೆ ಆ ತುಂಡು ಮಾತ್ರ ಹರಿದು ಗಾಳ, ಮೀನು ಎರಡೂ ವಾಪಸು ಬರುತ್ತವೆ. ಸೀಸದ ಗುಂಡಿಗಿಂತ ದಂಡೆಯ ಚಪ್ಪಟೆ ಕಲ್ಲು ವಾಸಿ: 50–60 ಗ್ರಾಂ ಇರುವ ಕಲ್ಲಿಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಹಾಕಿ ದಾರ ಸಿಕ್ಕಿಸಿ. ಉರುಳಿಕೊಂಡು ಸಂದಿಗೆ ಹೋಗುವುದಿಲ್ಲ, ಹೋದರೂ ಹೊಳೆಗೆ ಸೀಸ ಸೇರಲಿಲ್ಲ.

ಈಗ ರಾಗಿ ಉಂಡೆ. ಕಾವೇರಿ ಮಾಶೀರಿಗೆ ಇದಕ್ಕಿಂತ ನಂಬಿಕಸ್ಥ ಎರೆ ಇಲ್ಲ, ಮತ್ತು ಹೊಸಬರು ಕೆಡಿಸುವುದೂ ಇದನ್ನೇ. ಅರ್ಧ ಕೆಜಿ ನುಣ್ಣಗಿನ ರಾಗಿ ಹಿಟ್ಟು, ಒಂದು ಹಿಡಿ ಮೈದಾ, ಒಂದು ಚಮಚ ಸೋಂಪಿನ ಪುಡಿ. ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ದೊಡ್ಡ ನಿಂಬೆ ಗಾತ್ರದ ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಟ್ಟು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬೇಯಿಸಿ. ಒಂದನ್ನು ಕೊಯ್ದು ನೋಡಿ: ನಡುವೆ ಒಣಹಿಟ್ಟಿನ ಚುಕ್ಕೆ ಕಂಡರೆ ಇನ್ನೂ ಐದು ನಿಮಿಷ. ಬೆಂದದ್ದನ್ನು ಕೈ ತಡೆಯುವಷ್ಟು ಬಿಸಿ ಇರುವಾಗಲೇ ಒಟ್ಟಿಗೆ ನಾದಬೇಕು. ಈ ಎರಡನೇ ನಾದುವಿಕೆಯಲ್ಲೇ ಅಂಟು ಬರುವುದು, ಬಹಳ ಜನ ಬಿಡುವುದೂ ಇದನ್ನೇ. ಹೆಬ್ಬೆರಳು ಒತ್ತಿದರೆ ಗುರುತು ನಿಲ್ಲಬೇಕು, ಅಂಚು ಬಿರಿಯಬಾರದು. ಅಂಟಿಕೊಂಡರೆ ಒಣಹಿಟ್ಟು, ಬಿರಿದರೆ ಒದ್ದೆ ಕೈ.

ನಾಟಿ ಹೋಟೆಲಿನ ಮುದ್ದೆಯಷ್ಟು ಮೆತ್ತಗಿದ್ದರೆ ಬೀಸುವಾಗಲೇ ಗಾಳದಿಂದ ಕಳಚಿ ಎಲ್ಲೋ ಬೀಳುತ್ತದೆ. ನೀವು ಬರೀ ಗಾಳ ಮುಳುಗಿಸಿ ಕಾಯುತ್ತಿರುತ್ತೀರಿ. ತೀರಾ ಗಟ್ಟಿಯಾದರೆ ಮೀನು ಬಾಯಿಗೆ ಹಾಕಿಕೊಂಡಾಗ ನೀವು ಎಳೆದರೂ ಗಾಳದ ಮೊನೆ ಉಂಡೆಯಿಂದ ಹೊರಬರುವುದಿಲ್ಲ. ಮೊನೆಯನ್ನು ಉಂಡೆಯ ಮೇಲ್ಪದರದ ಸ್ವಲ್ಪವೇ ಒಳಗಿಡಿ. ಹೊಳೆಯಂಚಿನ ನೀರಿನಲ್ಲಿ ಒಂದು ಉಂಡೆ ಬಿಟ್ಟು ಪರೀಕ್ಷಿಸಿ, ಕಾಲು ಗಂಟೆ ಆಕಾರ ಬಿಡದಿದ್ದರೆ ಸರಿ. ಅಷ್ಟು ಹೊತ್ತಿಗೊಮ್ಮೆ ಎಳೆದು ಬದಲಾಯಿಸಿ. ಸಣ್ಣ ಮೀನುಗಳು ಕುಟುಕಿ ಖಾಲಿ ಮಾಡಿರುತ್ತವೆ. ಉಳಿದ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಬಿಸಿಲಿಗೆ ಬಿಟ್ಟರೆ ಹೊರಪದರ ಒಣಗಿ ಬಿರುಕು ಬಿಡುತ್ತದೆ. ಬೆಂಗಳೂರಿನಲ್ಲೇ ಹಿಂದಿನ ದಿನ ಬೇಯಿಸಿ ಒಯ್ದರೆ ಹುಳಿ ಬರುತ್ತದೆ, ಅಂಟೂ ಹೋಗುತ್ತದೆ. ಹಿಟ್ಟು ಒಯ್ದು ಅಲ್ಲೇ ಬೇಯಿಸುವುದು ಒಳ್ಳೆಯದು.

ಹಾಕುವುದು ಎಲ್ಲಿ? ಝರಿ ಬಂದು ಮಡುವಿಗೆ ಬೀಳುವ ಜಾಗದಲ್ಲಿ, ಬಿಳಿನೊರೆಗೂ ಕಪ್ಪುನೀರಿಗೂ ನಡುವಿನ ಗೆರೆಯಲ್ಲಿ. ಮಡುವಿನ ನಡುವಿಗಿಂತ ಅಲ್ಲಿ ಮತ್ತು ಮಡು ಮುಗಿದು ಮತ್ತೆ ಹರಿವು ಶುರುವಾಗುವ ಬಾಲದಲ್ಲಿ ಮೀನು ಮೇಯುತ್ತದೆ. ಬೆಳಗ್ಗೆ ಒಂಬತ್ತರವರೆಗೆ, ಸಂಜೆ ನಾಲ್ಕರ ಮೇಲೆ. ರಾಡನ್ನು ಕವಲುಕಡ್ಡಿಗೆ ಒರಗಿಸಿ ಟೀ ಕುಡಿಯಲು ಹೋಗಬೇಡಿ, ಮಾಶೀರ್ ರಾಡ್ ಸಮೇತ ಒಯ್ಯುತ್ತದೆ. ಕೈಯಲ್ಲೇ ಇರಲಿ, ತೋರುಬೆರಳು ದಾರದ ಮೇಲೆ. ಮೊದಲ ಕುಟುಕುಗಳಿಗೆ ಎಳೆಯಬಾರದು. ದಾರ ಒಂದೇ ಸಮ ಓಡಲು ಶುರುವಾದಾಗ ಬೇಲ್ (ರೀಲಿನಲ್ಲಿ ದಾರ ತಡೆಯುವ ತಂತಿ) ಮುಚ್ಚಿ, ರಾಡನ್ನು ಪಕ್ಕಕ್ಕೆ ಗಟ್ಟಿಯಾಗಿ ಎಳೆಯಿರಿ.

ಹತ್ತಿರ ಬಂದ ಮೇಲೆ ಗಂಟಿಲ್ಲದ ರಬ್ಬರ್ ಬಲೆ, ಒದ್ದೆ ಕೈ. ಒಣಕೈ ಲೋಳೆಪದರ ಕಿತ್ತು ಸೋಂಕಿಗೆ ದಾರಿ ಮಾಡುತ್ತದೆ. ತುಟಿ ಹಿಡಿದು ಮೇಲಕ್ಕೆ ತೂಗಬಾರದು. ಗಾಳ ನೀರಿನಲ್ಲೇ ಬಿಚ್ಚಿ, ಫೋಟೋಗೆ ಹತ್ತು ಸೆಕೆಂಡು, ಕೆಳಗೆ ನೀರು ಇರುವ ಹಾಗೆ ಅಡ್ಡಲಾಗಿ ಹಿಡಿದು. ಆಮೇಲೆ ತಲೆ ಹರಿವಿನ ಎದುರಿಗಿಟ್ಟು, ಅದೇ ಬಾಲ ಬಡಿದು ಕೈ ಬಿಡಿಸಿಕೊಳ್ಳುವವರೆಗೆ ಕಾಯಿರಿ. ಹಿಂದೆ ಮುಂದೆ ಆಡಿಸುವುದು ಬೇಡ, ಕಿವಿರಿಗೆ ನೀರು ಉಲ್ಟಾ ನುಗ್ಗುತ್ತದೆ. ರೆಕ್ಕೆಯ ಬಣ್ಣವನ್ನೂ ಗಮನಿಸಿ. ನೀಲಿಬೂದು ಇದ್ದರೆ ಅದು ಹ್ಯಾಚರಿಗಳಿಂದ ಬಂದು ಕಾವೇರಿಯಲ್ಲಿ ಹಬ್ಬಿದ ಬಗೆ. ಬಾಲ ಕೇಸರಿ, ಬೆನ್ನು ಡುಬ್ಬವಾಗಿದ್ದರೆ ಅದು ಕಾವೇರಿ ಕಣಿವೆಯದೇ ಮೀನು, ವೈಜ್ಞಾನಿಕವಾಗಿ ಟಾರ್ ರೆಮದೇವಿ. 2018ರಿಂದ ಅದು ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಸಿಕ್ಕರೆ ಫೋಟೋ, ಜಾಗ, ತಾರೀಖು ಪರವಾನಗಿ ಕೊಟ್ಟವರಿಗೆ ಕಳಿಸಿ. ಜಾಗದ ಹೆಸರನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಬೇಡಿ. ತಿನ್ನಲು ಮೀನೇ ಬೇಕಿದ್ದರೆ ಎಸ್ಟೇಟ್ ಕೆರೆಯ ಜಿಲೇಬಿ ಮೀನು (ತಿಲಾಪಿಯಾ) ಹಿಡಿಯಿರಿ, ಅದು ಎಷ್ಟು ಕಡಿಮೆಯಾದರೂ ಕೆರೆಗೆ ಒಳ್ಳೆಯದೇ.

ನೀರಿನ ವಿಷಯ. ಮೇಲೆ ಅಣೆಕಟ್ಟು ಇರುವ ಹೊಳೆಯಲ್ಲಿ ಬಿಸಿಲಿದ್ದಾಗಲೂ ನೀರು ಏರಬಹುದು. ದಂಡೆಯಲ್ಲಿ ನೀರಿನ ಅಂಚಿಗೆ ಒಂದು ಕಡ್ಡಿ ನೆಡಿ. ಕಡ್ಡಿ ಮುಳುಗಲು ಶುರುವಾದರೆ, ಎಲೆ ಕಸ ತೇಲಿಬಂದರೆ, ನೀರು ಕದಡಿದರೆ ಸಾಮಾನು ಬಿಟ್ಟಾದರೂ ಮೇಲಕ್ಕೆ ಹತ್ತಿ. ಹೊಳೆ ನಡುವಿನ ಬಂಡೆ ಮೇಲೆ ನಿಂತವರಿಗೆ ವಾಪಸು ಬರುವ ದಾರಿ ಮೊದಲು ಮುಚ್ಚುತ್ತದೆ. ಮೊಣಕಾಲಿಗಿಂತ ಆಳದ ಹರಿವಿಗೆ ಇಳಿಯಬೇಡಿ. ಕುಡಿತ ರೂಮಿಗೆ ಹೋದ ಮೇಲೆ. ಆನೆ ಓಡಾಡುವ ಕಡೆ ಐದೂವರೆಗೆ ದಂಡೆ ಬಿಟ್ಟಿರಬೇಕು.

ಗಾಳ ಬೆರಳಿಗೆ ಹೊಕ್ಕರೆ, ಹಿಮ್ಮುಳ್ಳು ಮಲಗಿಸಿದ್ದರೆ ಬಂದ ದಾರಿಯಲ್ಲೇ ಈಚೆ ಬರುತ್ತದೆ. ಮಲಗಿಸಿಲ್ಲದಿದ್ದರೆ ಗಾಳವನ್ನು ದಾರದಿಂದ ಬಿಡಿಸಿ, ಗಾಳದ ಬಾಗಿದ ಭಾಗಕ್ಕೆ ಒಂದಡಿ ಗಟ್ಟಿ ದಾರದ ಕುಣಿಕೆ ಹಾಕಿ. ಒಬ್ಬರು ಗಾಳದ ಕಣ್ಣನ್ನು ಚರ್ಮಕ್ಕೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಕುಣಿಕೆಯನ್ನು ಗಾಳದ ಕಾಲಿಗೆ ಸಮಾನಾಂತರವಾಗಿ, ಮೊನೆ ಹೊಕ್ಕ ದಿಕ್ಕಿಗೆ ವಿರುದ್ಧವಾಗಿ ಒಂದೇ ಸಲ ಜಗ್ಗಲಿ. ಎದುರಿಗೆ ಯಾರೂ ನಿಲ್ಲಬಾರದು, ಗಾಳ ಹಾರುತ್ತದೆ. ಮುಖ, ಕಣ್ಣಿನ ಸುತ್ತ, ಕೀಲಿನ ಹತ್ತಿರ ಹೊಕ್ಕಿದ್ದರೆ ಮುಟ್ಟದೆ ಕುಶಾಲನಗರ ಅಥವಾ ಮಡಿಕೇರಿಯ ಆಸ್ಪತ್ರೆಗೆ. ಟಿಟಿ ಇಂಜೆಕ್ಷನ್ ಯಾವ ವರ್ಷ ತಗೊಂಡಿದ್ದು ಅಂತ ಹೊರಡುವ ಮೊದಲೇ ನೋಡಿಕೊಂಡಿದ್ದರೆ ಅಲ್ಲಿ ಕೇಳಿದಾಗ ತಡವರಿಸಬೇಕಿಲ್ಲ.

ಮನೆಗೆ ಬಂದ ಮೇಲೆ ಬಲೆ, ಶೂ, ಗಾಳ ಸಿಹಿನೀರಿನಲ್ಲಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಒಂದು ಹೊಳೆಯ ಪಾಚಿ, ರೋಗ ಇನ್ನೊಂದಕ್ಕೆ ದಾಟುವುದು ಒದ್ದೆ ಬಲೆಯಲ್ಲೇ. ಲೀಡರಿನ ಕೊನೆಯ ಎರಡು ಅಡಿಯನ್ನು ಉಗುರಿನಿಂದ ಸವರಿ, ಒರಟು ಸಿಕ್ಕಿದ ಕಡೆ ಕತ್ತರಿಸಿ ಹೊಸ ಗಂಟು ಹಾಕಿ. ಡ್ರ್ಯಾಗ್ ಪೂರ್ತಿ ಸಡಿಲ ಮಾಡಿಯೇ ರೀಲ್ ಕಪಾಟಿಗೆ ಸೇರಿಸಿ, ಬಿಗಿದೇ ಇಟ್ಟರೆ ಒಳಗಿನ ವಾಷರ್ ಒತ್ತಿಹೋಗಿ ಮುಂದಿನ ಸಲ ದಾರ ಬಿಡುವಾಗ ಜರ್ಕ್ ಹೊಡೆಯುತ್ತದೆ.